ಬಿಸಿಲು ಅಕ್ಕನಿಗೆ ಮಾತ್ರವಾ?

ಪ್ರಶ್ನೆ: ನಾವು ಬೆಂಗಳೂರಿನವರು. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಏಳು. ಈ ಏಪ್ರಿಲ್ ರಜೆಯಲ್ಲಿ ಇಬ್ಬರನ್ನೂ ಈಜು ಕಲಿಯಲು ಸೇರಿಸಿದ್ದೇವೆ. ಈಜುಕೊಳದ ಮೇಲೆ ಚಾವಣಿ ಇಲ್ಲ. ಬೆಳಗಿನ ಬ್ಯಾಚ್ ತುಂಬಿಹೋಗಿತ್ತು, ಹತ್ತರಿಂದ ಹನ್ನೊಂದರ ಬ್ಯಾಚ್ ಸಿಕ್ಕಿದೆ. ಮಗಳಿಗೆ ಮಾಮೂಲಿ ಸ್ವಿಮ್ ಸೂಟ್ ತಂದಿದ್ದೆ, ಮಗನಿಗೆ ಚಡ್ಡಿ. ನಮ್ಮ ಅತ್ತೆಗೆ ಸರಿ ಕಾಣಲಿಲ್ಲ. "ಮೊದಲೇ ಬಣ್ಣ ಕಮ್ಮಿ, ಬಿಸಿಲಿಗೆ ಇನ್ನೂ ಕಪ್ಪಾಗ್ತಾಳೆ. ಕೈಕಾಲು ಪೂರ್ತಿ ಮುಚ್ಚೋದು ತಗೊಂಡು ಬಾ" ಅಂದರು. ನಾನು ಅದನ್ನೇ ತಂದುಕೊಟ್ಟೆ. ಈಗ ಮಗಳು ಮಣಿಕಟ್ಟಿನಿಂದ ಪಾದದವರೆಗೆ ಮುಚ್ಚಿಕೊಂಡು ನೀರಿಗಿಳಿಯುತ್ತಾಳೆ, ಮಗ ಬರೀ ಚಡ್ಡಿಯಲ್ಲಿ. ಮೊದಲ ವಾರವೇ ಅವನ ಭುಜ, ಬೆನ್ನು ಕೆಂಪಾಗಿ ಉರಿ ಉರಿ ಅಂತ ಅತ್ತ. ಮಗಳು "ಬಿಸಿಲಿಗೆ ಅಂತ ನನಗೆ ಹಾಕಿದ್ರಿ, ಇವನಿಗೆ ಯಾಕೆ ಹಾಕಿಲ್ಲ?" ಅಂತ ಕೇಳಿದಳು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಮೇ ತಿಂಗಳಲ್ಲಿ ಮಲ್ಪೆ ಬೀಚಿಗೂ ಹೋಗುವವರಿದ್ದೇವೆ. ಯಾರಿಗೆ ಏನು ಹಾಕಲಿ? ಮಕ್ಕಳಿಗೆ ಸನ್‌ಸ್ಕ್ರೀನ್ ಹಚ್ಚಬಹುದಾ? ಅತ್ತೆಗೆ ಏನು ಹೇಳಲಿ?

ಉತ್ತರ: ಮೊದಲು ಮಗನ ಭುಜದ ವಿಷಯ ಮುಗಿಸೋಣ. ಕೆಂಪಾಗಿ ಉರಿಯುತ್ತಿದೆ ಅಂದರೆ ಚರ್ಮ ಸುಟ್ಟಿದೆ. "ನಮ್ಮ ಬಣ್ಣದವರಿಗೆ ಬಿಸಿಲು ಸುಡಲ್ಲ" ಅನ್ನುವ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಸುಡುತ್ತದೆ. ನಮ್ಮ ಮಕ್ಕಳಲ್ಲಿ ಕೆಂಪು ಅಷ್ಟಾಗಿ ಎದ್ದು ಕಾಣುವುದಿಲ್ಲ, ಅಷ್ಟೇ. ಮುಟ್ಟಿದರೆ ಬಿಸಿ, ಬ್ಯಾಗಿನ ಪಟ್ಟಿ ತಗಲಿದರೆ ಉರಿ, ಕೆಲವು ದಿನ ಕಳೆದ ಮೇಲೆ ತೆಳ್ಳಗೆ ಸಿಪ್ಪೆ ಏಳುತ್ತದೆ. ತಣ್ಣೀರಲ್ಲಿ ಅದ್ದಿದ ಮೆತ್ತನೆ ಬಟ್ಟೆ ಹಾಕಿ. ಸುವಾಸನೆ ಇಲ್ಲದ ಮಾಯಿಶ್ಚರೈಸರ್ ಹಚ್ಚಿ. ಚೆನ್ನಾಗಿ ನೀರು ಕುಡಿಸಿ. ಐಸ್ ಬೇಡ, ಟೂತ್‌ಪೇಸ್ಟ್ ಬೇಡ, ನಿಂಬೆರಸ ಅಂತೂ ಬೇಡವೇ ಬೇಡ. ಉರಿ ಪೂರ್ತಿ ಹೋಗುವವರೆಗೆ ಆ ಜಾಗಕ್ಕೆ ಮತ್ತೆ ಬಿಸಿಲು ಬೀಳಬಾರದು. ಬೊಬ್ಬೆ ಎದ್ದರೆ ಒಡೆಯಬೇಡಿ. ಬೊಬ್ಬೆ ಜಾಸ್ತಿ ಇದ್ದರೆ ಅಥವಾ ಜ್ವರ, ವಾಂತಿ ಬಂದರೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಇನ್ನು ಬಟ್ಟೆ. ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ವಿಷಯಗಳು ಒಂದೇ ಗಂಟಿನಲ್ಲಿ ಸೇರಿಕೊಂಡಿವೆ. ಒಂದು ಬಿಸಿಲು. ಇನ್ನೊಂದು ಹುಡುಗಿ ಮೈ ಮುಚ್ಚಿಕೊಳ್ಳಬೇಕು ಅನ್ನುವ ಭಾವನೆ. ಎರಡನೆಯದಕ್ಕೆ ಮೊದಲನೆಯದರ ಹೆಸರು ಕೊಟ್ಟಿದ್ದರಿಂದ ಆದ ಎಡವಟ್ಟು ಇದು. ಮಗಳಿಗೆ ಬೇಕಾದ್ದಕ್ಕಿಂತ ಜಾಸ್ತಿ ಬಟ್ಟೆ ಬಂತು, ಮಗನಿಗೆ ಬೇಕಾದಷ್ಟೂ ಸಿಗಲಿಲ್ಲ. ನನ್ನ ಮಾತು ಇಷ್ಟೇ: ಕಾರಣ ಬಿಸಿಲಾದರೆ ನಿಯಮ ಇಬ್ಬರಿಗೂ ಒಂದೇ. ಮಕ್ಕಳ ಚರ್ಮಕ್ಕೆ ಗಂಡು ಹೆಣ್ಣು ಅಂತ ವ್ಯತ್ಯಾಸ ಇಲ್ಲ. ಕಾರಣ ನಾಚಿಕೆಯೋ ಸಂಪ್ರದಾಯವೋ ಆದರೆ ಅದನ್ನು ಅದರ ಹೆಸರಿನಲ್ಲೇ ಮಾತಾಡಿ. ಬಿಸಿಲಿನ ಹಿಂದೆ ಬಚ್ಚಿಡಬೇಡಿ. ಮಕ್ಕಳು ಕಂಡುಹಿಡಿಯುತ್ತಾರೆ. ನಿಮ್ಮ ಮಗಳು ಆಗಲೇ ಕಂಡುಹಿಡಿದಾಗಿದೆ.

ಬೆಂಗಳೂರಿನ ಬಿಸಿಲನ್ನೇ ತಗೊಳ್ಳಿ. ಇಲ್ಲಿ ವರ್ಷಕ್ಕೆ ಎರಡು ಸಲ, ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು, ಮಧ್ಯಾಹ್ನ ಸೂರ್ಯ ನೆಟ್ಟಗೆ ನೆತ್ತಿಯ ಮೇಲೆ ಬರುತ್ತಾನೆ. ಶೂನ್ಯ ನೆರಳಿನ ದಿನ ಅಂತ ಶಾಲೆಗಳಲ್ಲಿ ಮಕ್ಕಳನ್ನು ಮೈದಾನಕ್ಕೆ ಕರೆತಂದು ತೋರಿಸುತ್ತಾರಲ್ಲ, ಅದೇ. ಅಂದರೆ ನಮ್ಮ ಬೇಸಿಗೆ ರಜೆ, ಈಜು ಕ್ಯಾಂಪು, ನೆತ್ತಿ ಮೇಲಿನ ಸೂರ್ಯ ಎಲ್ಲ ಒಟ್ಟಿಗೇ ಬರುತ್ತವೆ. ಜೊತೆಗೆ ಊರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಸಾವಿರ ಮೀಟರ್ ಮೇಲೇರಿದರೆ ಬಿಸಿಲಿನಲ್ಲಿ ಚರ್ಮ ಸುಡುವ ಅತಿನೇರಳೆ (ಯುವಿ) ಕಿರಣ ಶೇಕಡಾ 10ರಷ್ಟು ಹೆಚ್ಚುತ್ತದೆ. ಗಾಳಿ ತಂಪಾಗಿದೆ ಅಂತ ಬೆಂಗಳೂರಿನವರು ಮೋಸ ಹೋಗುವುದು ಇಲ್ಲೇ. ಸೆಕೆಗೂ ಅತಿನೇರಳೆ ಕಿರಣಕ್ಕೂ ನೇರ ಸಂಬಂಧ ಇಲ್ಲ. ಮೈಗೆ ಹಿತ ಅನ್ನಿಸುವ ಬಿಸಿಲೂ ಸುಡಬಹುದು.

ಈ ಕಿರಣದ ಜೋರನ್ನು ಅಳೆಯಲು ಯುವಿ ಸೂಚ್ಯಂಕ ಅಂತ ಒಂದು ಲೆಕ್ಕ ಇದೆ. ಫೋನಿನ ಹವಾಮಾನ ಆಪ್‌ನಲ್ಲೇ ಸಿಗುತ್ತದೆ. 2ರವರೆಗೆ ಚಿಂತೆ ಇಲ್ಲ. 3ರಿಂದ ಮೇಲೆ ಹುಷಾರು. 8ರಿಂದ ತುಂಬಾ ಜಾಸ್ತಿ, 11 ಮತ್ತು ಮೇಲೆ ವಿಪರೀತ. ಏಪ್ರಿಲ್ ತಿಂಗಳ ನಡುಮಧ್ಯಾಹ್ನ ನಮ್ಮಲ್ಲಿ 11 ದಾಟುವುದು ಮಾಮೂಲು. ಆಪ್ ನೋಡಲು ಬೇಸರವಾದರೆ ನೆರಳು ನೋಡಿ. ನೆರಳು ನಿಮಗಿಂತ ಗಿಡ್ಡ ಇದ್ದರೆ ಬಿಸಿಲು ಜೋರಾಗಿದೆ ಅಂತ. ಬೆಂಗಳೂರಿನ ಏಪ್ರಿಲ್‌ನಲ್ಲಿ ಹೆಚ್ಚುಕಮ್ಮಿ ಬೆಳಿಗ್ಗೆ ಒಂಬತ್ತೂಕಾಲಿನಿಂದ ಮಧ್ಯಾಹ್ನ ಮೂರೂಕಾಲರವರೆಗೆ ನೆರಳು ಗಿಡ್ಡವೇ. ನಿಮ್ಮ ಹತ್ತರ ಬ್ಯಾಚ್ ಆ ಹೊತ್ತಿನ ಒಳಗೇ ಬರುತ್ತದೆ.

ಆದ್ದರಿಂದ ನಾನು ಮೊದಲು ಹೇಳುವುದು ಬಟ್ಟೆ ಬದಲಾಯಿಸಿ ಅಂತಲ್ಲ, ಹೊತ್ತು ಬದಲಾಯಿಸಿ ಅಂತ. ಬೆಳಿಗ್ಗೆ ಎಂಟರ ಒಳಗೆ ಅಥವಾ ಸಂಜೆ ಐದರ ಮೇಲೆ ಜಾಗ ಖಾಲಿಯಾದರೆ ತಿಳಿಸಿ ಅಂತ ಆಫೀಸಿನಲ್ಲಿ ಹೆಸರು ಬರೆಸಿಡಿ. ಸಂಜೆ ಐದೂವರೆಗೆ ಬಿಸಿಲು ಎಷ್ಟು ಇಳಿದಿರುತ್ತದೆ ಅಂದರೆ ಮಗ ಚಡ್ಡಿಯಲ್ಲಿ, ಮಗಳು ಮಾಮೂಲಿ ಸ್ವಿಮ್ ಸೂಟಿನಲ್ಲಿ ಈಜಿದರೂ ಚರ್ಮಕ್ಕೆ ಏನೂ ಆಗುವುದಿಲ್ಲ. ಆಗ ನೋಡಿ, ಮಗಳಿಗೆ ಪಾದದವರೆಗಿನ ಸೂಟು ಬೇಕು ಅನ್ನುವ ವಾದ ಇನ್ನೂ ಉಳಿದಿದ್ದರೆ ಅದು ಬಿಸಿಲಿನದ್ದಲ್ಲ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ.

ನೀರಲ್ಲಿ ಇದ್ದಾರಲ್ಲ, ನೀರೇ ಕಾಪಾಡುತ್ತದೆ ಅಂತ ಅಂದುಕೊಳ್ಳಬೇಡಿ. ಅರ್ಧ ಮೀಟರ್ ಆಳದಲ್ಲೂ ಮೇಲಿನ ಅತಿನೇರಳೆ ಕಿರಣದ ಸುಮಾರು ಶೇಕಡಾ 40 ಇರುತ್ತದೆ. ಕಲಿಯುವ ಮಕ್ಕಳು ಅಷ್ಟು ಆಳಕ್ಕೂ ಹೋಗುವುದಿಲ್ಲ. ಕಂಬಿ ಹಿಡಿದು ಬೋರಲಾಗಿ ಕಾಲು ಬಡಿಯುತ್ತಾರೆ. ಬೆನ್ನು, ಭುಜ, ಕತ್ತಿನ ಹಿಂಭಾಗ, ಮೊಣಕಾಲಿನ ಹಿಂದೆ ಎಲ್ಲ ಆಕಾಶಕ್ಕೆ ಮುಖ ಮಾಡಿರುತ್ತದೆ. ನಿಮ್ಮ ಮಗನಿಗೆ ಸುಟ್ಟಿದ್ದು ಎಲ್ಲಿ ಅಂತ ನೋಡಿದರೆ ಅವನು ಯಾವ ಭಂಗಿಯಲ್ಲಿ ಕಲಿಯುತ್ತಿದ್ದಾನೆ ಅಂತ ಹೇಳಬಹುದು.

ಈಗ ಬಣ್ಣದ ಮಾತಿಗೆ ಬರೋಣ. ಬಿಸಿಲಿನಿಂದ ಮಕ್ಕಳನ್ನು ಕಾಪಾಡಬೇಕಾದ್ದು ಅವರು ಕಪ್ಪಾಗುತ್ತಾರೆ ಅಂತಲ್ಲ. ಬಿಸಿಲಿಗೆ ಕಪ್ಪಾಗುವುದು ಚರ್ಮ ತನ್ನನ್ನು ತಾನು ಕಾಪಾಡಿಕೊಳ್ಳುವ ರೀತಿ. ಕೆಲವು ವಾರ, ತಿಂಗಳುಗಳಲ್ಲಿ ತಾನಾಗಿ ತಿಳಿಯಾಗುತ್ತದೆ. ನಮ್ಮ ಚರ್ಮದಲ್ಲಿರುವ ಮೆಲನಿನ್ ಅನ್ನುವ ಬಣ್ಣದ ಅಂಶ ನಮಗೆ ಒಂದಷ್ಟು ರಕ್ಷಣೆ ಕೊಡುತ್ತದೆ ಅನ್ನುವುದೂ ನಿಜ. ಆಸ್ಟ್ರೇಲಿಯಾದ ಬಿಳಿ ಚರ್ಮದವರಿಗೆ ಹೋಲಿಸಿದರೆ ನಮ್ಮಲ್ಲಿ ಚರ್ಮದ ಕ್ಯಾನ್ಸರ್ ತುಂಬಾ ಕಡಿಮೆ. ಆ ಭಯ ಹುಟ್ಟಿಸಿ ನಿಮಗೆ ಕ್ರೀಮು ಮಾರುವ ಉದ್ದೇಶ ನನಗಿಲ್ಲ. ಆದರೆ ಸುಟ್ಟ ಭುಜ, ಮುಂಗೈ ಮತ್ತು ಕತ್ತಿನ ಮೇಲೆ ಸಣ್ಣ ಗುಳ್ಳೆ ಎದ್ದು ನವೆಯಾಗುವ ಬಿಸಿಲಿನ ಅಲರ್ಜಿ, ವಯಸ್ಸಾದ ಮೇಲೆ ಕಣ್ಣಿಗೆ ಬರುವ ಪೊರೆ, ಕಣ್ಣಿನ ಬಿಳಿಭಾಗದ ಮೇಲೆ ಬೆಳೆಯುವ ಮಾಂಸ, ಇವೆಲ್ಲ ನಮ್ಮ ಬಣ್ಣದವರಿಗೂ ಬರುವಂಥವೇ.

ಕ್ಲಿನಿಕ್‌ನಲ್ಲಿ ನಾನು ಪ್ರತಿ ಬೇಸಿಗೆ ನೋಡುವ ಒಂದು ದೃಶ್ಯ ಹೇಳಲೇಬೇಕು. ಹುಡುಗಿಯನ್ನು ಕರೆತಂದವರು "ಟ್ಯಾನ್ ಆಗಿದೆ, ತೆಗೆಯೋಕೆ ಏನಾದ್ರೂ ಕೊಡಿ" ಅನ್ನುತ್ತಾರೆ. ಹುಡುಗನನ್ನು ಯಾರೂ ಟ್ಯಾನ್ ಅಂತ ಕರೆತರುವುದಿಲ್ಲ. ಅವನನ್ನು ಕರೆತರುವುದು ಕೆನ್ನೆಯ ಮೇಲೆ ಬಿಳಿ ಮಚ್ಚೆ ಕಂಡಾಗ, ತೊನ್ನು ಇರಬಹುದಾ ಅನ್ನುವ ಗಾಬರಿಯಲ್ಲಿ. ಬಹಳಷ್ಟು ಸಲ ಅದು ತೊನ್ನಲ್ಲ. ಒಣ ಚರ್ಮದಿಂದ ಬರುವ ತೆಳುವಾದ, ಅಂಚು ಸರಿಯಾಗಿ ಕಾಣದ ಮಚ್ಚೆ. ಹೊಟ್ಟೆಯ ಜಂತುಹುಳಕ್ಕೂ ಕ್ಯಾಲ್ಸಿಯಂ ಕೊರತೆಗೂ ಅದಕ್ಕೂ ಸಂಬಂಧ ಇಲ್ಲ. ಸುತ್ತಲಿನ ಚರ್ಮ ಬಿಸಿಲಿಗೆ ಕಪ್ಪಾದಾಗ ಮಚ್ಚೆ ಎದ್ದು ಕಾಣುತ್ತದೆ, ಅಷ್ಟೇ. ಮಾಯಿಶ್ಚರೈಸರ್ ಹಚ್ಚಿ ಬಿಸಿಲು ಕಡಿಮೆ ಮಾಡಿದರೆ ನಿಧಾನಕ್ಕೆ ಹೋಗುತ್ತದೆ. ಒಟ್ಟಿನಲ್ಲಿ ಹುಡುಗಿಯ ಬಣ್ಣಕ್ಕೆ ಮನೆಮಂದಿ ಎಲ್ಲ ಕಾವಲು, ಹುಡುಗನ ಚರ್ಮಕ್ಕೆ ಯಾರೂ ಇಲ್ಲ. ನಿಮ್ಮ ಮನೆಯ ಮಟ್ಟಿಗೆ ಒಂದು ಕೇಳಿಕೊಳ್ಳುತ್ತೇನೆ. ಮಗಳ ಎದುರು "ಬಣ್ಣ ಕಮ್ಮಿ" ಅನ್ನುವ ಮಾತು ನಿಲ್ಲಲಿ. ಒಂಬತ್ತು ವರ್ಷಕ್ಕೆ ಅದು ಮನಸ್ಸಿಗೆ ಇಳಿದರೆ ಹೊರತೆಗೆಯುವುದು ಕಷ್ಟ. ಬಿಳಿ ಮಾಡುವ ಕ್ರೀಮಿಗಾಗಿ ಹದಿಮೂರರ ಹುಡುಗಿಯರು ಅಂಗಡಿಯಲ್ಲಿ ಸ್ಟೀರಾಯ್ಡ್ ಟ್ಯೂಬು ಕೊಂಡು ಮುಖ ಹಾಳುಮಾಡಿಕೊಳ್ಳುವುದು ಇಂಥ ಮಾತುಗಳಿಂದಲೇ.

ವಿಟಮಿನ್ ಡಿ ಬಗ್ಗೆ ಯಾರಾದರೂ ತಗಾದೆ ತೆಗೆಯುತ್ತಾರೆ. ಮಕ್ಕಳು ದಿನವೂ ಹೊರಗೆ ಆಡುತ್ತಿದ್ದರೆ ದಿನಕ್ಕೆ ಒಂದು ಗಂಟೆ ತೋಳಿನ ಬಟ್ಟೆ ಹಾಕಿದ್ದರಿಂದ ಕೊರತೆ ಬರುವುದಿಲ್ಲ. ಅನುಮಾನ ಇದ್ದರೆ ರಕ್ತ ಪರೀಕ್ಷೆ ಮಾಡಿಸಿ. ಅದಕ್ಕಾಗಿ ಭುಜ ಸುಟ್ಟುಕೊಳ್ಳಬೇಕಿಲ್ಲ.

ಗಂಡುಮಕ್ಕಳು ಬರಿಮೈಯಲ್ಲಿ ನೀರಿಗಿಳಿಯುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಹಳ್ಳಿಯ ಬಾವಿಯಲ್ಲಿ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡೋ, ಬಾಳೆದಿಂಡು ಅಪ್ಪಿಕೊಂಡೋ ಕಲಿತವರು ಈಗಲೂ ಎಷ್ಟೋ ಜನ ಇದ್ದಾರೆ. ಅವರಿಗೆ ಯಾವ ಸೂಟೂ ಇರಲಿಲ್ಲ. ಆದರೆ ಆ ಬಾವಿಗೆ ಮರದ ನೆರಳಿತ್ತು, ಕಲ್ಲುಗೋಡೆಯ ನೆರಳಿತ್ತು. ಅಪಾರ್ಟ್‌ಮೆಂಟಿನ ಬಿಳಿ, ನೀಲಿ ಟೈಲ್ಸಿನ ಕೊಳದ ಮೇಲೆ ಏನಿದೆ? ಬರೀ ಆಕಾಶ. ಇನ್ನು, ಗಂಡಸರ ಬರಿ ಎದೆ ಎಲ್ಲ ಕಡೆಯೂ ಸಹಜ ಅಂತ ತಿಳಿಯಬೇಕಿಲ್ಲ. 1930ರ ದಶಕದವರೆಗೆ ಅಮೆರಿಕದ ಎಷ್ಟೋ ಬೀಚ್‌ಗಳಲ್ಲಿ ಗಂಡಸರೂ ಎದೆ ಮುಚ್ಚಿಕೊಂಡೇ ನೀರಿಗಿಳಿಯಬೇಕಿತ್ತು. ಹಾಗೆ ಮಾಡದವರನ್ನು ಪೊಲೀಸರು ಹಿಡಿದದ್ದೂ ಇದೆ. ಯಾರ ಮೈ ಎಷ್ಟು ಕಾಣಬೇಕು ಅನ್ನುವುದನ್ನು ಆಯಾ ಕಾಲದ ಜನ ತೀರ್ಮಾನ ಮಾಡಿದ್ದು. ಬದಲಾಗುತ್ತಾ ಬಂದಿದೆ, ಬದಲಾಗುತ್ತದೆ.

ಇದೇ ವಿಷಯದಲ್ಲಿ ಆಸ್ಟ್ರೇಲಿಯಾದವರನ್ನು ನೋಡಬೇಕು. ಅಲ್ಲಿ 1981ರಿಂದ "ಅಂಗಿ ತೊಡಿ, ಕ್ರೀಮು ಹಚ್ಚಿ, ಟೋಪಿ ಹಾಕಿ" ಅನ್ನುವ ಪ್ರಚಾರ ಶುರುವಾಯಿತು. ಟೋಪಿ ಇಲ್ಲದ ಮಗುವಿಗೆ ಬಯಲಲ್ಲಿ ಆಟ ಇಲ್ಲ ಅನ್ನುವ ನಿಯಮ ಎಷ್ಟೋ ಶಾಲೆಗಳಲ್ಲಿದೆ. ಮೆಲ್ಬರ್ನ್, ಸಿಡ್ನಿಯಲ್ಲಿರುವ ನಮ್ಮವರನ್ನು ಕೇಳಿ ನೋಡಿ. ಅಲ್ಲಿ ತೋಳಿರುವ ಈಜಂಗಿ ಹುಡುಗ ಹುಡುಗಿ ಇಬ್ಬರಿಗೂ ಮಾಮೂಲು. ಅದನ್ನು ಯಾರೂ ನಾಚಿಕೆಯ ಬಟ್ಟೆ ಅಂತ ನೋಡುವುದಿಲ್ಲ. ಬಿಸಿಲಿನ ಬಟ್ಟೆ, ಅಷ್ಟೇ.

ಆ ಬಟ್ಟೆಯ ಹೆಸರು ರಾಶ್ ಗಾರ್ಡ್. ಅಲೆಯ ಮೇಲೆ ಹಲಗೆ ಏರುವವರು ಎದೆ ಹೊಟ್ಟೆ ಉಜ್ಜಿಹೋಗದಿರಲಿ ಅಂತ ಹಾಕಿಕೊಳ್ಳುತ್ತಿದ್ದದ್ದು, ಈಗ ಮಕ್ಕಳ ಮೈಗೆ ಬಂದಿದೆ. ನಿಮ್ಮಿಬ್ಬರು ಮಕ್ಕಳಿಗೂ ನಾನು ಹೇಳುವುದು ಇದನ್ನೇ. ಮೊಣಕೈವರೆಗೋ ಮಣಿಕಟ್ಟಿನವರೆಗೋ ತೋಳಿರುವ ರಾಶ್ ಗಾರ್ಡ್, ಕೆಳಗೆ ಮಂಡಿವರೆಗೆ ಬರುವ ಮೈಗಂಟಿದ ಈಜು ಚಡ್ಡಿ. ಮಗಳಿಗೂ ಇದು, ಮಗನಿಗೂ ಇದು. ಈಗ ಮಗಳ ಹತ್ತಿರ ಇರುವ ಪಾದದವರೆಗಿನ ಸೂಟು ವ್ಯರ್ಥವೇನಲ್ಲ. ಮೈಗೆ ಸರಿಯಾಗಿ ಕೂತು, ಅವಳಿಗೆ ಹಿತವಾಗಿ, ಕಾಲು ಬಡಿಯಲು ಅಡ್ಡಿ ಆಗದಿದ್ದರೆ ಹತ್ತರ ಬ್ಯಾಚಿಗೆ ಹಾಕಲಿ. ಸಡಿಲವಾಗಿ ನೀರು ತುಂಬಿಕೊಂಡು ಎಳೆಯುವಂತಿದ್ದರೆ ಬೇಡ. ಕಲಿಯುವ ಮಗುವಿಗೆ ಅದು ಸುಮ್ನೆ ಹೊರೆ.

ಅಂಗಡಿಯಲ್ಲಿ ಬಟ್ಟೆಯ ಚೀಟಿಯಲ್ಲಿ ಯುಪಿಎಫ್ 50+ ಅಂತ ಇದೆಯಾ ನೋಡಿ. 50 ಅಂದರೆ ಮೇಲೆ ಬಿದ್ದ ಅತಿನೇರಳೆ ಕಿರಣದಲ್ಲಿ ಐವತ್ತರಲ್ಲಿ ಒಂದು ಪಾಲು, ಅಂದರೆ ಶೇಕಡಾ 2 ಮಾತ್ರ ಒಳಗೆ ಹೋಗುತ್ತದೆ. ಮನೆಯಲ್ಲಿರುವ ಹಳೇ ಬಿಳಿ ಹತ್ತಿ ಟೀ ಶರ್ಟ್ ಹಾಕಿದರೆ ಆಗಲ್ವಾ ಅಂತ ಬಹಳ ಜನ ಕೇಳುತ್ತಾರೆ. ಒಣಗಿದ್ದಾಗ ಅದರ ಲೆಕ್ಕ ಸುಮಾರು 7. ಒದ್ದೆಯಾದರೆ 3ರ ಹತ್ತಿರಕ್ಕೆ ಇಳಿಯುತ್ತದೆ. ಅಂದರೆ ಮೂರರಲ್ಲಿ ಒಂದು ಪಾಲು ಕಿರಣ ಒಳಗೆ. ಮೇಲಾಗಿ ಹತ್ತಿ ಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಅದರ ನಾರು ಫಿಲ್ಟರಿಗೆ ಸೇರುತ್ತದೆ. ಅದಕ್ಕೇ ಬಹಳ ಕೊಳಗಳಲ್ಲಿ ನೈಲಾನ್, ಲೈಕ್ರಾ ಬಿಟ್ಟು ಬೇರೆ ಬಟ್ಟೆಗೆ ಬಿಡುವುದಿಲ್ಲ. ಚೀಟಿ ಇಲ್ಲದ ಬಟ್ಟೆಯಾದರೆ ಕೈಯಲ್ಲಿ ಹಿಡಿದು ಸ್ವಲ್ಪ ಎಳೆದು ಬಲ್ಬಿನ ಎದುರು ಹಿಡಿಯಿರಿ. ಬೆಳಕು ಸಣ್ಣ ಸಣ್ಣ ಚುಕ್ಕಿಯಾಗಿ ಕಂಡರೆ ಬಿಸಿಲಿಗೆ ಅದು ಆಗಿಬರುವುದಿಲ್ಲ. ಒತ್ತಾದ ನೇಯ್ಗೆ ಒಳ್ಳೆಯದು, ಗಾಢ ಬಣ್ಣ ಒಳ್ಳೆಯದು. ಎಳೆದುಕೊಂಡಷ್ಟೂ ರಕ್ಷಣೆ ಕಮ್ಮಿ, ಹಾಗಾಗಿ ಬಿಗಿಯಾದ ಹಳೇ ಸೈಜನ್ನೇ ಈ ವರ್ಷವೂ ತುರುಕಬೇಡಿ.

ಬಣ್ಣದಲ್ಲಿ ಇನ್ನೊಂದು ವಿಷಯ ಇದೆ, ಬಿಸಿಲಿಗಿಂತ ಮುಖ್ಯ. ನೀಲಿ ಟೈಲ್ಸಿನ ಕೊಳದಲ್ಲಿ ಬಿಳಿ, ತಿಳಿ ನೀಲಿ, ಬೂದು ಬಣ್ಣದ ಸೂಟು ನೀರೊಳಗೆ ಕಾಣುವುದೇ ಇಲ್ಲ. ಮಗು ಮುಳುಗಿದರೆ ತಕ್ಷಣ ಕಣ್ಣಿಗೆ ಬೀಳಬೇಕಾದರೆ ಕಣ್ಣು ಕುಕ್ಕುವ ಕಿತ್ತಳೆ, ಗಾಢ ಗುಲಾಬಿ, ಕೆಂಪು ಬೇಕು. ಅಂಗಡಿಯವರು ಹುಡುಗರ ಸಾಲಿನಲ್ಲಿ ಇಡುವುದು ಬಹುಪಾಲು ನೀಲಿ, ಕಡುನೀಲಿ. ಹುಡುಗಿಯರ ಸಾಲಿನಲ್ಲಿ ಕಣ್ಣಿಗೆ ಬೀಳುವ ಬಣ್ಣ ಇರುತ್ತದೆ, ಆದರೆ ಸೊಂಟದ ಸುತ್ತ ಜಾಲರಿ, ಬೆನ್ನಿಗೆ ಕಿಟಕಿ, ಎದೆಗೆ ಗೊಂಡೆ. ಜಾಲರಿ ನೀರಲ್ಲಿ ಮೇಲೆದ್ದು ಮುಖಕ್ಕೆ ಬರುತ್ತದೆ. ಬೆನ್ನಿನ ಕಿಟಕಿಯಲ್ಲಿ ಬಿಸಿಲು ಬಂದು ಅದೇ ಆಕಾರದಲ್ಲಿ ಸುಡುತ್ತದೆ. ನಾಲ್ಕು ವರ್ಷದ ಮಗುವಿಗೆ ದೊಡ್ಡವರ ಬಟ್ಟೆಯ ನಕಲು ಹೊಲಿಯುವುದು ಯಾಕೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅದೂ ಒಂದು ಥರದ ತಾರತಮ್ಯವೇ. ಹುಡುಗನ ಬಟ್ಟೆ ಆಡಲು, ಹುಡುಗಿಯ ಬಟ್ಟೆ ನೋಡಲು ಅನ್ನುವ ಲೆಕ್ಕ. ಹಾಗಾಗಿ ಯಾವ ಸಾಲು ಅಂತ ನೋಡಬೇಡಿ. ಮಗನಿಗೆ ಹುಡುಗಿಯರ ಸಾಲಿನ ಕಿತ್ತಳೆ ಅಂಗಿ, ಮಗಳಿಗೆ ಹುಡುಗರ ಸಾಲಿನ ಮಂಡಿ ಚಡ್ಡಿ ತಂದರೆ ಇಬ್ಬರಿಗೂ ಸರಿಹೋಗುತ್ತದೆ. ಅಕ್ಕನಿಗೆ ಗಿಡ್ಡವಾದ ಗುಲಾಬಿ ರಾಶ್ ಗಾರ್ಡ್ ಇದ್ದರೆ ತಮ್ಮ ಹಾಕಿಕೊಳ್ಳಲಿ. ಲೈಕ್ರಾ ಸಡಿಲಾಗಿ ಜೋಲು ಬಿದ್ದಿರಬಾರದು, ಅಷ್ಟೇ. ಕ್ಲೋರಿನ್ ಲೈಕ್ರಾವನ್ನು ತಿನ್ನುತ್ತದೆ. ಪ್ರತಿದಿನ ಈಜಿದ ಕೂಡಲೇ ಬರೀ ನೀರಲ್ಲಿ ಜಾಲಾಡಿ, ಹಿಂಡದೆ ನೆರಳಲ್ಲಿ ಒಣಹಾಕಿದರೆ ಹೆಚ್ಚು ದಿನ ಬಾಳುತ್ತದೆ.

ಒದ್ದೆ ಬಟ್ಟೆಯಲ್ಲೇ ಆಟೋ ಹತ್ತಿಸಿ ಮನೆಗೆ ಕರೆತರಬೇಡಿ. ಹುಡುಗಿಯರಿಗೆ ಮೂತ್ರದ ಜಾಗದಲ್ಲಿ ಉರಿ, ನವೆ ಶುರುವಾಗುವುದು ಇದರಿಂದ. ಹುಡುಗರಿಗೆ ತೊಡೆಸಂದಿಯಲ್ಲಿ ಗಜಕರ್ಣ. ಇಬ್ಬರೂ ಅಲ್ಲೇ ಸ್ನಾನ ಮಾಡಿ ಒಣಬಟ್ಟೆ ಹಾಕಿಕೊಳ್ಳಲಿ. ಮನೆಗೆ ಬಂದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿದರೆ ಕ್ಲೋರಿನ್ನಿಗೆ ಒಣಗಿದ ಚರ್ಮಕ್ಕೆ ಒಳ್ಳೆಯದೇ. ಆದರೆ ಈಜುವ ಮೊದಲು ಅದನ್ನು ಸನ್‌ಸ್ಕ್ರೀನ್ ಬದಲಿಗೆ ಹಚ್ಚಬೇಡಿ. ಬಿಸಿಲು ತಡೆಯುವ ಶಕ್ತಿ ಅದಕ್ಕಿಲ್ಲ.

ಸನ್‌ಸ್ಕ್ರೀನ್ ಮಕ್ಕಳಿಗೆ ಹಚ್ಚಬಹುದು. ಆರು ತಿಂಗಳ ಒಳಗಿನ ಕೂಸಿಗೆ ಮಾತ್ರ ಬೇಡ, ಅದಕ್ಕೆ ನೆರಳು, ಟೋಪಿ, ಬಟ್ಟೆ ಸಾಕು. ಎಸ್‌ಪಿಎಫ್, ಅಂದರೆ ಬಿಸಿಲು ಸುಡದಂತೆ ತಡೆಯುವ ಅಳತೆ, 30 ಇರಲಿ. 30 ಶೇಕಡಾ 97ರಷ್ಟು ತಡೆದರೆ 50 ತಡೆಯುವುದು 98ರಷ್ಟು. ದೊಡ್ಡ ಸಂಖ್ಯೆಗೆ ದೊಡ್ಡ ದುಡ್ಡು ಕೊಡಬೇಕಿಲ್ಲ. ಪಿಎ (ಅತಿನೇರಳೆಯಲ್ಲೇ ಯುವಿಎ ಅನ್ನುವ ಬಗೆಯ ಕಿರಣ ತಡೆಯುವ ಗುರುತು) ಮುಂದೆ ಮೂರು ಪ್ಲಸ್ ಇದೆಯಾ, ನೀರಿಗೆ ತಡೆಯುತ್ತೆ ಅಂತ ಬರೆದಿದ್ದಾರಾ ನೋಡಿ. ಜಿಂಕ್ ಆಕ್ಸೈಡ್ ಇರುವ ಕ್ರೀಮು ಮಕ್ಕಳ ಚರ್ಮಕ್ಕೆ ಒಗ್ಗುತ್ತದೆ. ನಮ್ಮ ಬಣ್ಣದ ಮೇಲೆ ಸ್ವಲ್ಪ ಬೂದಿ ಬಳಿದಂತೆ ಕಾಣುತ್ತದೆ, ಕಾಣಲಿ. ಎಲ್ಲರೂ ತಪ್ಪು ಮಾಡುವುದು ಪ್ರಮಾಣದಲ್ಲಿ. ಬಟಾಣಿಯಷ್ಟು ತೆಗೆದು ಮುಖಕ್ಕೆಲ್ಲ ಸವರಿದರೆ ಹಚ್ಚದಿದ್ದ ಹಾಗೇ. ಮಗುವಿನದೇ ಎರಡು ಬೆರಳಿನ ಉದ್ದಕ್ಕೂ ಹಿಂಡಿದಷ್ಟು ಅದರ ಮುಖ, ಕತ್ತಿಗೆ ಬೇಕು. ನೀರಿಗಿಳಿಯುವ ಕಾಲು ಗಂಟೆ ಮೊದಲು ಹಚ್ಚಿ. ಎರಡು ಗಂಟೆಗೊಮ್ಮೆ ಮತ್ತು ನೀರಿಂದ ಎದ್ದು ಒರೆಸಿಕೊಂಡ ಮೇಲೆ ಇನ್ನೊಮ್ಮೆ. ಕಿವಿಯ ತುದಿ, ಕತ್ತಿನ ಹಿಂಭಾಗ, ಪಾದದ ಮೇಲ್ಭಾಗ ಮರೆಯಬೇಡಿ. ಹುಡುಗನ ಕೂದಲು ಗಿಡ್ಡ, ಅವನ ಕಿವಿ, ಕತ್ತು ಜಾಸ್ತಿ ಸುಡುತ್ತವೆ. ತೋಳಿರುವ ಅಂಗಿ ಹಾಕಿದರೆ ಇದೆಲ್ಲ ಹಚ್ಚಬೇಕಾದ ಜಾಗ ಕಮ್ಮಿಯಾಗುತ್ತದೆ, ಟ್ಯೂಬು ಬೇಗ ಖಾಲಿಯಾಗುವುದಿಲ್ಲ.

ಅತ್ತೆಯ ವಿಷಯಕ್ಕೆ ಬಂದೆ. ಅವರ ಜೊತೆ ಜಗಳ ಬೇಡ. ಮೊಮ್ಮಗಳನ್ನು ಈಜಿಗೆ ಕಳಿಸಬೇಡಿ ಅಂತ ಅವರು ಹೇಳಿಲ್ಲ, ಅದು ದೊಡ್ಡ ವಿಷಯ. ಅವರು ಕೇಳಿದ್ದರಲ್ಲಿ ಬಿಸಿಲಿನ ಭಾಗವನ್ನು ನೀವು ಪೂರ್ತಿ ಒಪ್ಪಿಕೊಳ್ಳಿ, ಮೊಮ್ಮಗನಿಗೂ ಸೇರಿಸಿ. "ಅತ್ತೆ, ನೀವು ಹೇಳಿದ್ದು ಸರಿ, ಬಿಸಿಲು ಜೋರಿದೆ. ಇವನ ಬೆನ್ನು ನೋಡಿ. ಇಬ್ಬರಿಗೂ ಒಂದೇ ಥರ ತೋಳಿರೋದು ತಂದಿದೀನಿ" ಅನ್ನಿ. ಮೊಮ್ಮಗನ ಸಿಪ್ಪೆ ಎದ್ದ ಭುಜದ ಮುಂದೆ ಯಾವ ಅಜ್ಜಿಯೂ ವಾದ ಮಾಡುವುದಿಲ್ಲ.

ಮಂಡಿವರೆಗಿನ ಸೂಟು ಸಾಕಾ ಅಂತ ಅವರು ಕೇಳಿದರೆ ಒಂದು ಮಾತು ಹೇಳಿ. ಜಗತ್ತಿನ ಈಜು ಸ್ಪರ್ಧೆಗಳಲ್ಲಿ ಹೆಣ್ಣುಮಕ್ಕಳು ಹಾಕುವುದೂ ಭುಜದಿಂದ ಮಂಡಿಯವರೆಗಿನದ್ದೇ. 2009ರಲ್ಲಿ ಮೈಯೆಲ್ಲ ಮುಚ್ಚುವ ನಯವಾದ ಸೂಟುಗಳಿಂದಾಗಿ ರೋಮ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 43 ವಿಶ್ವದಾಖಲೆ ಬಿದ್ದವು. ಇದು ಈಜೋ ಬಟ್ಟೆಯ ಪಂದ್ಯವೋ ಅಂತ ಗಲಾಟೆಯಾಗಿ 2010ರ ಜನವರಿಯಿಂದ ಹೊಸ ನಿಯಮ ಬಂತು. ಗಂಡಸರಿಗೆ ಸೊಂಟದಿಂದ ಮಂಡಿ, ಹೆಂಗಸರಿಗೆ ಭುಜದಿಂದ ಮಂಡಿ, ಅದೂ ಪ್ಲಾಸ್ಟಿಕ್ ಥರದ್ದಲ್ಲ, ಬಟ್ಟೆಯದ್ದೇ. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಭಾರತದ ತಂಡದಲ್ಲೇ ಚಿಕ್ಕವಳು ನಮ್ಮ ಬೆಂಗಳೂರಿನ ಹದಿನಾಲ್ಕರ ಧಿನಿಧಿ ದೇಸಿಂಗು. 2000ದಲ್ಲಿ ಸಿಡ್ನಿಗೆ ಹೋದ ನಿಶಾ ಮಿಲೆಟ್ ಐದು ವರ್ಷದವಳಿದ್ದಾಗ ಮುಳುಗಿ ಬದುಕಿ ಆಮೇಲೆ ಈಜು ಕಲಿತವರು. ಇವರ ಫೋಟೋ ಮೊಮ್ಮಗಳ ಜೊತೆ ಕೂತು ಅತ್ತೆಯೂ ನೋಡಲಿ.

ಇಷ್ಟಾದ ಮೇಲೂ ಅವರಿಗೆ ನಾಚಿಕೆಯ ಭಾಗ ಉಳಿಯಬಹುದು. ಆಗ ಮಗಳನ್ನೇ ಕೇಳಿ, ನಿನಗೆ ಯಾವುದು ಹಿತ ಅಂತ. ಒಂಬತ್ತು ವರ್ಷದ ಮಗುವಿಗೆ ತನ್ನ ಮೈ ಬಗ್ಗೆ ಅಭಿಪ್ರಾಯ ಇರುತ್ತದೆ. ಕೆಲವು ಮಕ್ಕಳಿಗೆ ತಾವಾಗೇ ಪೂರ್ತಿ ಮುಚ್ಚುವುದು ಇಷ್ಟ. ಎಷ್ಟೋ ಗಂಡುಮಕ್ಕಳಿಗೂ ಬರಿ ಮೈ ತೋರಿಸಲು ನಾಚಿಕೆ. ಹುಡುಗ ಅಂತ ಅವರನ್ನು ಯಾರೂ ಕೇಳುವುದೇ ಇಲ್ಲ. ಸಂಪ್ರದಾಯಕ್ಕೆ ಪೂರ್ತಿ ಮುಚ್ಚಿಕೊಂಡು ಈಜುವವರಿಗೂ ಈಜಲೆಂದೇ ಮಾಡಿದ ಸೂಟುಗಳಿವೆ. ಮುಖ, ಕೈ, ಪಾದ ಬಿಟ್ಟು ಮೈಯೆಲ್ಲ ಮುಚ್ಚುವ ಬುರ್ಕಿನಿ ಹುಟ್ಟಿದ್ದೂ 2004ರಲ್ಲಿ ಅದೇ ಬಿಸಿಲಿನ ಆಸ್ಟ್ರೇಲಿಯಾದಲ್ಲಿ. ಬಟ್ಟೆ ಉದ್ದವೋ ಗಿಡ್ಡವೋ ಅನ್ನುವುದು ನನಗೆ ದೊಡ್ಡದಲ್ಲ. ಹುಡುಗಿ ನೀರು ಬಿಟ್ಟು ಎದ್ದು ಹೋಗಬಾರದು, ಅದು ದೊಡ್ಡದು. ಹನ್ನೊಂದು ಹನ್ನೆರಡಕ್ಕೆ ಎಷ್ಟು ಹುಡುಗಿಯರು ಈಜು ಬಿಡುತ್ತಾರೆ ಅಂತ ಯಾವ ಕೋಚನ್ನಾದರೂ ಕೇಳಿ. ಮೈ ಬೆಳೆಯುವುದು, ಮುಟ್ಟು, ನೋಡುವ ಕಣ್ಣುಗಳು, ಮನೆಯವರ ಮಾತು. ಮುಟ್ಟಾದ ಮೇಲೂ ಈಜಬಹುದು ಅಂತ ಮಗಳಿಗೆ ಇನ್ನೊಂದೆರಡು ವರ್ಷದಲ್ಲಿ ನೀವೇ ಹೇಳಿ, ಅವಳು ಬೇರೆಯವರಿಂದ "ಬಿಟ್ಟುಬಿಡು" ಅಂತ ಕೇಳುವ ಮೊದಲು.

ನೋಡುವ ಕಣ್ಣುಗಳು ಅಂದೆ. ಅದಕ್ಕೆ ಮಗಳಿಗೆ ಇನ್ನೊಂದು ಬಟ್ಟೆ ಹಾಕುವುದು ಪರಿಹಾರವಲ್ಲ. ಕೊಳದ ಪಕ್ಕ ಫೋನಿನಲ್ಲಿ ಫೋಟೋ, ವಿಡಿಯೋ ತೆಗೆಯಬಾರದು ಅನ್ನುವ ಬೋರ್ಡ್ ಹಾಕಿಸಿ. ನಿಮ್ಮ ಮಕ್ಕಳ ಫೋಟೋವನ್ನೂ ಗ್ರೂಪಿಗೆ ಹಾಕಬೇಡಿ. ಬಟ್ಟೆ ಬದಲಿಸುವ ಕೋಣೆಗೆ ಮಕ್ಕಳ ಜೊತೆ ಮನೆಯವರೇ ಹೋಗಲಿ. ಯಾರು ಎಲ್ಲಿ ಮುಟ್ಟಬಾರದು ಅನ್ನುವ ಪಾಠ ಮಗನಿಗೂ ಹೇಳಿ. ನಾವು ಮಗಳಿಗೆ ಹತ್ತು ಸಲ ಹೇಳಿ ಮಗನಿಗೆ ಒಂದು ಸಲವೂ ಹೇಳಿರುವುದಿಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಹುಡುಗ ಹುಡುಗಿ ಅಂತ ಭೇದ ಮಾಡುವುದಿಲ್ಲ, ಹದಿನೆಂಟರ ಒಳಗಿನ ಎಲ್ಲ ಮಕ್ಕಳಿಗೂ ಅದು ಒಂದೇ. ಮಕ್ಕಳ ಸಹಾಯವಾಣಿಯ 1098 ಅನ್ನುವ ಸಂಖ್ಯೆಯನ್ನು ಇಬ್ಬರಿಗೂ ಬಾಯಿಪಾಠ ಮಾಡಿಸಿ.

ಇನ್ನು ಮಲ್ಪೆ. ಅಲ್ಲಿ ಬಿಸಿಲು ಕೊಳಕ್ಕಿಂತ ಜೋರು. ಒಣ ಮರಳು ಸುಮಾರು ಶೇಕಡಾ 15, ಅಲೆಯ ನೊರೆ 25ರಷ್ಟು ಕಿರಣವನ್ನು ತಿರುಗಿ ಮೇಲಕ್ಕೆ ಎಸೆಯುತ್ತವೆ. ಕೊಡೆಯ ಕೆಳಗೆ ಕೂತರೂ ಪೂರ್ತಿ ತಪ್ಪುವುದಿಲ್ಲ. ಸಂಜೆ ನಾಲ್ಕರ ಮೇಲೆ ಇಳಿಯಿರಿ. ಇಬ್ಬರೂ ರಾಶ್ ಗಾರ್ಡಿನಲ್ಲೇ ಇರಲಿ, ದಡದಲ್ಲಿ ಅಗಲ ಅಂಚಿನ ಟೋಪಿ. ಅಪ್ಪನೂ ಅಂಗಿ ಹಾಕಿಕೊಂಡು ಇಳಿದರೆ ಮಗ ಹಟ ಮಾಡುವುದಿಲ್ಲ.

ಬೀಚಿನಲ್ಲಿ ನನಗೆ ನಿಜಕ್ಕೂ ಭಯ ಹುಟ್ಟಿಸುವುದು ಬಿಸಿಲಲ್ಲ, ಚೂಡಿದಾರ್. ಮಕ್ಕಳ ಜೊತೆ ಹೆಂಗಸರು, ದೊಡ್ಡ ಹುಡುಗಿಯರು ದುಪಟ್ಟಾ ಸಮೇತ ಅಲೆಗೆ ಇಳಿಯುತ್ತಾರೆ. ಒದ್ದೆಯಾದ ದುಪಟ್ಟಾ ಕತ್ತಿಗೆ, ಕಾಲಿಗೆ ಸುತ್ತಿಕೊಳ್ಳುತ್ತದೆ. ನೀರು ಕುಡಿದ ಪ್ಯಾಂಟು ಮೇಲೇಳಲು ಬಿಡುವುದಿಲ್ಲ. ನಿಮಗೂ ಸ್ವಿಮ್ ಸೂಟ್ ಇಷ್ಟವಿಲ್ಲದಿದ್ದರೆ ಮೈಗಂಟಿದ ಲೆಗ್ಗಿಂಗ್ಸ್, ಗಿಡ್ಡನೆಯ ನೈಲಾನ್ ಅಥವಾ ಪಾಲಿಯೆಸ್ಟರ್ ಟೀ ಶರ್ಟ್ ಸಾಕು. ದುಪಟ್ಟಾ ಚಪ್ಪಲಿ ಜೊತೆ ದಡದಲ್ಲಿರಲಿ. ಕೊಳದಲ್ಲಿ ಒಂದು ತಿಂಗಳು ಕಲಿತ ಈಜು ಕಡಲಿಗೆ ಲೆಕ್ಕಕ್ಕಿಲ್ಲ, ಮಕ್ಕಳು ಮಂಡಿ ಮುಳುಗುವಷ್ಟು ನೀರಿನಲ್ಲಿ ನಿಮ್ಮ ಕೈಗೆಟಕುವ ದೂರದಲ್ಲೇ ಇರಬೇಕು. ಮೇ ಕೊನೆಯ ಹೊತ್ತಿಗೆ ಕಡಲು ಒರಟಾಗತೊಡಗುತ್ತದೆ, ಹಾಗಾಗಿ ಹೋಗುವುದಾದರೆ ತಿಂಗಳ ಮೊದಲ ವಾರಗಳಲ್ಲೇ ಹೋಗಿ ಬನ್ನಿ. ಕೆಂಪು ಬಾವುಟ ಹಾರುತ್ತಿದ್ದರೆ ಅಥವಾ ಲೈಫ್‌ಗಾರ್ಡ್ ಬೇಡ ಅಂದರೆ ಮರಳಲ್ಲಿ ಆಡಿಸಿ ಕರೆದುಕೊಂಡು ಬನ್ನಿ.